‘ಬಾಲೂ ತಮ್ಮ’: ಒಂದು ದಪ್ಪ ಅಕ್ಷರದ ಗುಣದೋಷವಿವೇಚನೆ

ಕಾವ್ಯವನ್ನು ವಿಮರ್ಶಿಸುವವರು ನಮ್ಮಲ್ಲಿ ಬಹುಜನರಿರುವರು. ನಾಟಕ ಕಾದಂಬರಿಗಳನ್ನು ತೂಗಿ ನೋಡುವವರಿಗೂ ಕೊರತೆಯಿಲ್ಲ. ಆದರೆ ಆ ಕಾವ್ಯನಾಟಕಗಳು ಯಾವ ಅಕ್ಷರಗಳ ಉಡುಪನ್ನು ತೊಟ್ಟು ನಮ್ಮ ಕಣ್ಣಿದಿರಿಗೆ ಬರುವವೋ ಆ ಅಕ್ಷರಗಳ ಗುಣದೋಷಗಳನ್ನು ಕುರಿತು ಎರಡು ಮಾತನಾಡುವವರು ತೀರ ವಿರಳ. ಅಕ್ಷರವೆಂಬುದು ಕುಡಿಯುವ ನೀರಿನಂತೆ. ತಿಳಿಯಾಗಿರುವ ತನಕ ಅದರ ನೆನಪೇ ನಮಗಾಗುವದಿಲ್ಲ. ಕದಡಿದಾಗ ಮಾತ್ರ ಅದರ ಬೆಲೆ ತಿಳಿಯುವದು.

ಈ ವಿಚಾರವು ನನ್ನ ಮನಸ್ಸಿನಲ್ಲಿ ಮೂಡಿದ್ದು ಯರಗಟ್ಟಿಯಲ್ಲಿ. ಬೆಳಗಾವಿಯಿಂದ ಬಾಗಲಕೋಟೆಯ ಕಡೆಗೆ ಹೋಗುವ ದಾರಿಯೂ ಸವದತ್ತಿಯಿಂದ ಗೋಕಾಕದ ಕಡೆಗೆ ಹೋಗುವ ದಾರಿಯೂ ಕೂಡುವ ಊರದು. ಹುಣ್ಣಿಮೆ ಬಂದಿತೆಂದರೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತಜನರಿಂದ ತುಂಬಿ ತುಳುಕುವದು. ನಾಲ್ಕೂ ದಿಕ್ಕಿನ ಜನರು ಬಂದಿಳಿಯುವ ಇಂಥ ಸ್ಥಳದಲ್ಲಿ ಫಲಕಗಳೇ ದಾರಿತೋರುವ ಬಾಯಿಗಳು. ಒಂದು ದಿನ ನಾನು ಅಲ್ಲಿ ಬಸ್ಸಿನ ಹಾದಿ ಕಾಯುತ್ತ ನಿಂತಿದ್ದಾಗ, ಬಗಲಲ್ಲಿ ಅಂದಿನ ವರ್ತಮಾನಪತ್ರವನ್ನು ಹಿಡಿದ ವೃದ್ಧ ರೈತರೊಬ್ಬರು ಎದುರಿನ ದೊಡ್ಡ ಬ್ಯಾನರನ್ನು ತೋರಿಸಿ, “ಮಾಸ್ತರ್ರ, ಮರದ ಜಾತ್ರಿ ಅಂತ ಬರದಾರಲ್ರಿ, ಅದ್ಯಾವ ಊರಾಗ ಐತ್ರಿ?” ಎಂದು ಕೇಳಿದರು. ನಾನು ನೋಡಿದೆನು; ಬರೆದದ್ದು ‘ಮಠದ ಜಾತ್ರೆ’ ಎಂದು. ಅಕ್ಷರಗಳೇನೋ ಗೇಣೆತ್ತರದವು. ಆದರೆ ಅವುಗಳನ್ನು ಕೊಬ್ಬಿಸಿ, ಸುತ್ತಲೂ ಒಂದು ಅಂಚನ್ನು ಕಟ್ಟಿ, ಅದರ ಮೇಲೆ ನೆರಳನ್ನೂ ಬೀಳಿಸಿದ್ದರಿಂದ, ‘ಠ’ಕಾರದ ಹೊಟ್ಟೆಯೂ ಅದರೊಳಗಿನ ಚುಕ್ಕೆಯೂ ಒಂದೇ ಮುದ್ದೆಯಾಗಿ, ಅದು ‘ಠ’ವೋ ‘ರ’ವೋ ಎಂಬುದು ತಿಳಿಯದಂತಾಗಿತ್ತು. ಪತ್ರಿಕೆಯ ಸಣ್ಣ ಅಕ್ಷರಗಳನ್ನು ಸುಲಭವಾಗಿ ಓದಿದ ಕಣ್ಣು ಗೇಣೆತ್ತರದ ಅಕ್ಷರದಲ್ಲಿ ಎಡವಿತು. ತಪ್ಪು ಆ ಹಿರಿಯರ ಕಣ್ಣಿನದಲ್ಲವೆಂಬುದನ್ನು ಬೇರೆ ಹೇಳಬೇಕೆ?

ಈ ಪ್ರಸಂಗವನ್ನು ಕ್ಷುಲ್ಲಕವೆಂದು ಎಣಿಸಲಾಗದು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ ೨೦೨೪ರಲ್ಲಿ ಮಾಡಿದ ತಿದ್ದುಪಡಿಯಂತೆ ನಮ್ಮ ರಾಜ್ಯದ ನಾಮಫಲಕಗಳಲ್ಲಿ ಶೇಕಡಾ ೬೦ರಷ್ಟು ಭಾಗ ಕನ್ನಡವಿರತಕ್ಕದ್ದು. ಗಡಿಯ ಜಿಲ್ಲೆಯವರಾದ ನಮಗೆ ಇದು ಸಂತೋಷದ ಮಾತೇ ಸರಿ. ಆದರೆ ಕಾಯಿದೆಯು ಕನ್ನಡವು ಎಷ್ಟು ಜಾಗವನ್ನು ಹಿಡಿಯಬೇಕೆಂಬುದನ್ನು ಹೇಳಬಲ್ಲದು. ಆ ಜಾಗದಲ್ಲಿ ಕನ್ನಡವು ಓದಿಸಿಕೊಳ್ಳುವದೋ ಇಲ್ಲವೋ ಎಂಬುದನ್ನು ನೋಡುವ ಹೊಣೆ ಅಕ್ಷರವನ್ನು ರಚಿಸಿದವರದು, ಅದನ್ನು ಬಳಸುವವರದು, ಕಂಡೂ ಸುಮ್ಮನಿರುವ ನಮ್ಮ ನಿಮ್ಮೆಲ್ಲರದು.

ನಮ್ಮ ಸಂಘದ ಮುಂದೆಯೂ ಈಗ ಇದೇ ಪ್ರಶ್ನೆ ಬಂದು ನಿಂತಿದೆ. ಮಕ್ಕಳ ಪದ್ಯಗಳ ಪುಸ್ತಕವೊಂದನ್ನು ಅಚ್ಚು ಹಾಕಿಸುವದಿದೆ. ಸಭಾಗೃಹಕ್ಕೆ ಹೊಸ ಫಲಕವನ್ನು ಬರೆಸುವದಿದೆ. ತರುಣ ಸದಸ್ಯರು ಎರಡಕ್ಕೂ ‘ಬಾಲೂ ತಮ್ಮ’ ಎಂಬ ದುಂಡಗಿನ ದಪ್ಪ ಅಕ್ಷರವನ್ನು ಸೂಚಿಸಿರುವರು. ಅವರಲ್ಲಿ ಕೆಲವರು ಪುಸ್ತಕದ ಒಳಪುಟಗಳನ್ನೂ ಅದರಲ್ಲಿಯೇ ಜೋಡಿಸಬೇಕೆನ್ನುವರು. ಆದಕಾರಣ ಆ ಅಕ್ಷರದ ಯೋಗ್ಯಾಯೋಗ್ಯತೆಗಳನ್ನು ವಾಚಕರ ಮುಂದೆ ಇಡುವದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅದರ ಕುಲಗೋತ್ರಗಳನ್ನು ಹೇಳುವೆನು. ಮುಂಬಯಿಯ ‘ಏಕ್ ಟೈಪ್’ ಎಂಬ ಅಕ್ಷರಶಿಲ್ಪಿಗಳ ಬಳಗವು ಭಾರತದ ಒಂಬತ್ತು ಲಿಪಿಗಳಿಗೆ ಒಂದೇ ಮನೋಧರ್ಮದ ಅಕ್ಷರಗಳನ್ನು ರಚಿಸಿತು. ೨೦೧೬ರ ಸುಮಾರಿಗೆ ಗೂಗಲ್ ಫಾಂಟ್ಸ್ ಭಂಡಾರದ ಮೂಲಕ ಅವು ಎಲ್ಲರಿಗೂ ಉಚಿತವಾಗಿ ದೊರೆತವು. ‘ಬಾಲೂ’ ಎಂಬುದು ಕಿಪ್ಲಿಂಗನ ‘ಜಂಗಲ್ ಬುಕ್’ನಲ್ಲಿ ಬರುವ, ಮರಿಗಳಿಗೆ ಕಾಡಿನ ಕಟ್ಟಳೆಗಳನ್ನು ಕಲಿಸುವ ಕರಡಿಯ ಹೆಸರು. ಈ ಕರಡಿಗೆ ಒಂದೊಂದು ಲಿಪಿಯಲ್ಲಿ ಒಂದೊಂದು ಸಹೋದರನ ಬಿರುದನ್ನು ಕೊಟ್ಟಿರುವದು ವಿನೋದವಾಗಿದೆ. ಬಂಗಾಲಿಯಲ್ಲಿ ಅದು ‘ದಾ’, ಗುಜರಾತಿಯಲ್ಲಿ ‘ಭಾಯ್’, ಗುರುಮುಖಿಯಲ್ಲಿ ‘ಪಾಜಿ’, ಮಲೆಯಾಳದಲ್ಲಿ ‘ಚೇಟ್ಟನ್’. ತಮಿಳಿನಲ್ಲಿ ‘ತಂಬಿ’, ತೆಲುಗಿನಲ್ಲಿ ‘ತಮ್ಮುಡು’, ಕನ್ನಡದಲ್ಲಿ ‘ತಮ್ಮ’. ಕನ್ನಡದ ಅಕ್ಷರಗಳನ್ನು ರಚಿಸಿದವರು ದಿವ್ಯಾ ಕೌಶಿಕ್ ಹಾಗೂ ಶುಚಿತಾ ಗ್ರೋವರ್ ಎಂಬ ಇಬ್ಬರು ಮಹಿಳೆಯರು. ಮೊದಲು ಒಂದೇ ಒಂದು ದಪ್ಪದಲ್ಲಿ ಬಂದ ಈ ಅಕ್ಷರವು ಅನಂತರ ‘ಬಾಲೂ ತಮ್ಮ ೨’ ಎಂಬ ಹೆಸರಿನಿಂದ ಸಾಧಾರಣದಿಂದ ಅತಿದಪ್ಪದ ವರೆಗೆ ಐದು ಪ್ರಮಾಣಗಳಲ್ಲಿ ದೊರೆಯತೊಡಗಿತು.

ಇಂಥ ಅಕ್ಷರಗಳ ಹಿರಿಯ ಮನೆತನವು ಯುರೋಪಿನದು. ರೋಮನ್ ಅಕ್ಷರಗಳ ಗೆರೆಗಳ ತುದಿಗೆ ಸಣ್ಣ ಸಣ್ಣ ಪಾದಗಳಿರುವದನ್ನು ವಾಚಕರು ಇಂಗ್ಲಿಷ್ ಪುಸ್ತಕಗಳಲ್ಲಿ ನೋಡಿರಬಹುದು. ಆ ಪಾದಗಳನ್ನು ಕಡಿದುಹಾಕಿದ ಮೊದಲನೆಯ ಅಚ್ಚಿನ ಮೊಳೆಗಳನ್ನು ಇಂಗ್ಲಂಡದ ವಿಲ್ಯಮ್ ಕ್ಯಾಸ್ಲನ್ ಮನೆತನದವರು ೧೮೧೬ರಲ್ಲಿ ಪ್ರದರ್ಶಿಸಿದರು. ಮುಂದೆ ೧೯೨೭ರಲ್ಲಿ ಜರ್ಮನಿಯ ಪಾಲ್ ರೆನ್ನರನು ‘ಫ್ಯೂಚುರಾ’ ಎಂಬ ಅಕ್ಷರವನ್ನು ಹೊರತಂದನು. ವೃತ್ತ, ತ್ರಿಕೋನ, ಚೌಕ ಇವೇ ಅದರ ಮೂಲಾಕೃತಿಗಳು. ೧೯೬೯ರಲ್ಲಿ ಮಾನವನು ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಬರಹವೂ ಇದೇ ಅಕ್ಷರದಲ್ಲಿದೆ. ಆದರೆ ಒಂದು ಮಾತನ್ನು ಮರೆಯಲಾಗದು. ಫ್ಯೂಚುರಾದ ವೃತ್ತಗಳು ಕೂಡ ಬರಿಯ ಕೈವಾರದಿಂದ ಎಳೆದವುಗಳಲ್ಲ. ಗೆರೆಗಳು ಕೂಡುವಲ್ಲಿ ಅವನ್ನು ತುಸು ತೆಳ್ಳಗೆ ಮಾಡಿ, ಕಣ್ಣಿಗೆ ಸರಿಯೆನಿಸುವಂತೆ ತಿದ್ದಿರುವರು. ಕೈವಾರವು ಸೂಚಿಸುವದು, ಕಣ್ಣು ತೀರ್ಪು ಕೊಡುವದು.

ಈ ಪಾಶ್ಚಾತ್ಯ ಪದ್ಧತಿಯನ್ನು ಕನ್ನಡಕ್ಕೆ ತರುವಾಗ ಮೊದಲನೆಯ ತೊಡಕು ಇಲ್ಲಿಯೇ ಹುಟ್ಟುವದು. ರೋಮನ್ ಅಕ್ಷರದ ಪಾದವು ಅಲಂಕಾರ. ಅದನ್ನು ತೆಗೆದರೆ ಅಕ್ಷರವು ಅಕ್ಷರವಾಗಿಯೇ ಉಳಿಯುವದು. ಕನ್ನಡದಲ್ಲಿ ಮೇಲುನೋಟಕ್ಕೆ ಅದನ್ನು ಹೋಲುವ ವಸ್ತುವೆಂದರೆ ತಲೆಕಟ್ಟು. ಆದರೆ ತಲೆಕಟ್ಟು ಅಲಂಕಾರವಲ್ಲ, ಅರ್ಥ. ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ಕಾಗುಣಿತವನ್ನು ಬಾಯಿಪಾಠ ಮಾಡಿದ ಪ್ರತಿಯೊಬ್ಬ ಬಾಲಕನಿಗೂ ಇದು ಗೊತ್ತು. ‘ಅ’ಕಾರದ ಗುರುತೇ ತಲೆಕಟ್ಟು. ಅದನ್ನು ಸೊಟ್ಟಗೆ ಮಾಡಿದರೆ ಏತ್ವದ ಭ್ರಾಂತಿಯಾದೀತು, ದುಂಡಗೆ ಮಾಡಿದರೆ ಗುಡಿಸಿನ ಭ್ರಾಂತಿಯಾದೀತು. ಬಾಲೂ ತಮ್ಮದ ಮೊದಲನೆಯ ಗುಣವೆಂದರೆ, ಅದು ಹೊಸತನದ ಮೋಹಕ್ಕೆ ಬಿದ್ದು ತಲೆಕಟ್ಟನ್ನು ಕಡಿದಿಲ್ಲ. ತುದಿಗಳನ್ನು ಮೆತ್ತಗೆ ಮಾಡಿದೆ. ಆದರೆ ತಲೆಯ ಮೇಲಿನ ರುಮಾಲನ್ನು ಕಸಿದುಕೊಂಡಿಲ್ಲ.

ಎರಡನೆಯ ಗುಣವು ದುಂಡುತನಕ್ಕೆ ಸಂಬಂಧಿಸಿದ್ದು. ನಮ್ಮ ಲಿಪಿಯು ಮೊದಲೇ ದುಂಡಗಿನದು, ಇದಕ್ಕೆ ದುಂಡಗಿನ ಅಕ್ಷರವನ್ನು ಮಾಡುವದೇನು ಕಷ್ಟ ಎಂದು ಕೇಳುವವರುಂಟು. ತಾಳೆಗರಿಯ ಮೇಲೆ ನೆಟ್ಟಗೆರೆ ಎಳೆದರೆ ಗರಿ ಸೀಳುವದೆಂದು ಕಂಟದಿಂದ ಬರೆಯುವವರು ದುಂಡಗೆ ಬರೆದರೆಂಬ ಮಾತು ಪ್ರಚಲಿತವಾಗಿದೆ. ಅದರಲ್ಲಿ ತಥ್ಯವಿರಬಹುದು, ಆದರೆ ಸವದತ್ತಿಯಲ್ಲಿ ದೊರೆತ ರಟ್ಟರ ಕಾಲದ ಶಿಲಾಶಾಸನಗಳನ್ನು ನೋಡಿದವರು ಬಲ್ಲರು: ಕಲ್ಲಿಗೆ ಸೀಳುವ ಭಯವಿಲ್ಲದಿದ್ದರೂ ಅಲ್ಲಿ ಉಳಿಯು ದುಂಡಗೇ ನಡೆದಿದೆ. ದುಂಡುತನವು ಬರಿಯ ಉಪಕರಣದ ನಿರ್ಬಂಧವಲ್ಲ, ಲಿಪಿಯ ಸ್ವಭಾವವೂ ಹೌದು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಆದರೆ ಆ ದುಂಡು ಒಂದೇ ಅಳತೆಯ ದುಂಡಲ್ಲ. ‘ರ’ದ ವೃತ್ತ ಬೇರೆ, ‘ಅ’ದ ಸುರುಳಿ ಬೇರೆ, ‘ಬ’ದ ಬುಡ ಬೇರೆ. ಎಲ್ಲವನ್ನೂ ಒಂದೇ ಕೈವಾರದಿಂದ ಎಳೆದರೆ ಅಕ್ಷರಮಾಲೆಯು ಬಳೆಗಾರನ ಮಲಾರವಾದೀತೇ ಹೊರತು ಬರಹವಾಗದು. ಬಾಲೂ ತಮ್ಮದ ಕರ್ತೃಗಳು ಈ ಬಲೆಗೆ ಸಿಲುಕಿಲ್ಲ. ಅವರ ದುಂಡು ಕೈಯ ದುಂಡೇ ಹೊರತು ಯಂತ್ರದ ದುಂಡಲ್ಲ. ಗೆರೆಗಳು ಇಕ್ಕಟ್ಟಾಗುವ ಸ್ಥಳಗಳಲ್ಲಿ ಅವುಗಳನ್ನು ತುಸು ಸಣ್ಣಗೊಳಿಸಿ ಅಕ್ಷರಕ್ಕೆ ಉಸಿರು ಕೊಟ್ಟಿರುವರು. ಶುದ್ಧ ರೇಖಾಗಣಿತವನ್ನು ಬಯಸುವವರಿಗೆ ಇದು ದೋಷವೆಂದು ತೋರಬಹುದು. ನನ್ನ ಮತದಲ್ಲಿ ಇದೇ ಅದರ ವಿವೇಕ.

ಇಷ್ಟು ಹೊಗಳಿದ ಮೇಲೆ ಒರೆಗೆ ಹಚ್ಚಿ ನೋಡದಿದ್ದರೆ ಅದು ವಿಮರ್ಶೆಯೆನಿಸದು. ಯರಗಟ್ಟಿಯ ನಿಲ್ದಾಣದಲ್ಲಿ ಕಾಣುವ ನಮ್ಮ ಸುತ್ತಲಿನ ಊರ ಹೆಸರುಗಳನ್ನೇ ನಾನು ಒರೆಗಲ್ಲಾಗಿ ತೆಗೆದುಕೊಂಡೆನು. ಯರಗಟ್ಟಿ, ಸವದತ್ತಿ, ಕಿತ್ತೂರು, ಬೈಲಹೊಂಗಲ, ರಾಮದುರ್ಗ, ಮುನವಳ್ಳಿ: ಈ ಆರು ಹೆಸರುಗಳಲ್ಲಿ ಕನ್ನಡ ಲಿಪಿಯ ಬಹುತೇಕ ತೊಡಕುಗಳೆಲ್ಲ ಕೂಡಿವೆ. ಯರಗಟ್ಟಿಯ ‘ಟ್ಟಿ’ಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಕಿತ್ತೂರಿನ ‘ತ್ತೂ’ದಲ್ಲಿ ಬಲಕ್ಕೆ ಕೊಂಬಿನ ದೀರ್ಘ, ಕೆಳಗೆ ಒತ್ತು. ಬೈಲಹೊಂಗಲದಲ್ಲಿ ಒತ್ತಿಲ್ಲವೆಂದರೂ ‘ಬೈ’ಯ ಐತ್ವವು ಕೆಳಗೆ ಇಳಿಯುವದು. ರಾಮದುರ್ಗದಲ್ಲಿ ಅರ್ಕಾವೊತ್ತು. ಇಂಗ್ಲಿಷ್ ಹೆಸರಿಗೆ ಒಂದು ಅಂತಸ್ತಿನ ಮನೆ ಸಾಕು. ಕನ್ನಡದ ಹೆಸರಿಗೆ ನೆಲಮಾಳಿಗೆಯೂ ಬೇಕು, ಮಾಡವೂ ಬೇಕು. ಗೇಣೆತ್ತರಕ್ಕೆ ಅಚ್ಚು ಮಾಡಿಸಿ ನೋಡಿದಾಗ ಬಾಲೂ ತಮ್ಮವು ಈ ಆರೂ ಹೆಸರುಗಳನ್ನು ನಗುನಗುತ್ತ ಹೊತ್ತು ನಿಂತಿತು. ರಸ್ತೆಯ ಆಚೆಯಿಂದ ನೋಡಿದರೂ ಒತ್ತುಗಳು ಬೇರೆಯಾಗಿಯೇ ಕಂಡವು. ಅದೇ ಹೆಸರುಗಳನ್ನು ಪುಸ್ತಕದ ಒಳಪುಟದ ಅಳತೆಗೆ, ಅಂದರೆ ೧೨ ಪಾಯಿಂಟಿಗೆ ಇಳಿಸಿ ಸಾದಾ ಕಾಗದದ ಮೇಲೆ ಅಚ್ಚು ಮಾಡಿಸಿದಾಗ ಕಥೆಯೇ ಬದಲಾಯಿತು. ಅತಿದಪ್ಪದ ‘ಟ್ಟಿ’, ‘ಳ್ಳಿ’ಗಳು ಮಸಿಯ ಉಂಡೆಗಳಾಗಿ, ಓದುವ ಕಣ್ಣು ಊಹೆಯ ಕೋಲನ್ನು ಹಿಡಿಯಬೇಕಾಯಿತು.

ಇದರಿಂದ ತಿಳಿಯಬೇಕಾದ ತತ್ವವೇ ಈ ಲೇಖನದ ಸಾರ. ಅಕ್ಷರದ ದಪ್ಪವನ್ನು ಅದರ ಕಪ್ಪಿನಿಂದ ಅಳೆಯಲಾಗದು. ಅದರ ಹೊಟ್ಟೆಯೊಳಗೆ ಉಳಿದ ಬಿಳುಪಿನಿಂದ ಅಳೆಯಬೇಕು. ಕನ್ನಡದಲ್ಲಂತೂ ಅರ್ಥದ ಭೇದಗಳೆಲ್ಲ ಈ ಬಿಳುಪಿನಲ್ಲಿಯೇ ಅಡಗಿರುವವು. ‘ರ’ಕ್ಕೆ ಒಂದು ಚುಕ್ಕೆಯಿಟ್ಟರೆ ‘ಠ’. ‘ಮರ’ವು ‘ಮಠ’ವಾಗುವದು ಅಷ್ಟರಿಂದಲೇ. ‘ಪ’ದ ಹೊಟ್ಟೆಯಲ್ಲಿ ಒಂದು ಗೆರೆಯೆಳೆದರೆ ‘ಷ’. ಬುಡದಲ್ಲಿ ಒಂದು ಸಣ್ಣ ಸೀಳಿದ್ದರೆ ‘ಧನ’, ಇಲ್ಲದಿದ್ದರೆ ‘ದನ’. ಬಡವನಿಗೆ ಸಹಾಯವಾಗಿ ದನವನ್ನು ಕೊಡುವರೋ ಧನವನ್ನು ಕೊಡುವರೋ ಎಂಬುದನ್ನು ಕೂದಲೆಳೆಯಷ್ಟು ಬಿಳಿಯ ಜಾಗವು ನಿರ್ಣಯಿಸುವದು! ‘ಮ’ಕ್ಕೂ ‘ವು’ವಿಗೂ ಇರುವ ಭೇದವು ಬಾಲವು ಎಲ್ಲಿಂದ ಕವಲೊಡೆಯಿತೆಂಬಷ್ಟರ ಮೇಲೆ ನಿಂತಿದೆ. ಹೀಗಿರುವಲ್ಲಿ ಗೆರೆಯನ್ನು ದಪ್ಪ ಮಾಡಿದಂತೆಲ್ಲ ಅರ್ಥದ ಮನೆ ಇಕ್ಕಟ್ಟಾಗುತ್ತ ಹೋಗುವದು. ದಪ್ಪಕ್ಷರವನ್ನು ರಚಿಸುವವನ ಕುಶಲತೆಯು ಮಸಿಯನ್ನು ಸುರಿಯುವದರಲ್ಲಿಲ್ಲ, ಬಿಳುಪನ್ನು ಕಾಯುವದರಲ್ಲಿದೆ.

ಹಾಗಾದರೆ ಹಿಂದಿನವರು ಸಣ್ಣ ಅಳತೆಯಲ್ಲಿಯೂ ದಪ್ಪಕ್ಷರಗಳನ್ನು ಹೇಗೆ ಬಳಸಿದರೆಂದು ಯಾರಾದರೂ ಕೇಳಬಹುದು. ೧೮೪೩ರಲ್ಲಿ ಹರ್ಮನ್ ಮೊಗ್ಲಿಂಗ್‌ನು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬಂದಿತು, ಅಲ್ಲಿ ಬರೆಯುವ ಕೈಯೇ ಅಕ್ಷರದ ಒಡೆಯ. ಅನಂತರ ಬಂದ ಸೀಸದ ಮೊಳೆಗಳ ಕಾಲದಲ್ಲಿ ಒಂದೊಂದು ಅಳತೆಗೂ ಒಂದೊಂದು ಅಚ್ಚನ್ನು ಬೇರೆ ಬೇರೆಯಾಗಿ ಕೊರೆಯಬೇಕಾಗುತ್ತಿತ್ತು. ಸಣ್ಣ ಮೊಳೆಯನ್ನು ಕೊರೆಯುವವನು ಹೊಟ್ಟೆಯನ್ನು ಅಗಲ ಮಾಡಿ, ಸೀಳನ್ನು ಆಳ ಮಾಡಿ, ಬಿಳುಪನ್ನು ಉಳಿಸಬಹುದಾಗಿತ್ತು. ಈಗಿನ ಗಣಕಯಂತ್ರದಲ್ಲಿಯಾದರೋ ಸಾಮಾನ್ಯವಾಗಿ ಒಂದೇ ಚಿತ್ರವು ಎಲ್ಲ ಅಳತೆಗಳಿಗೂ ಹಿಗ್ಗುವದು, ಕುಗ್ಗುವದು. ಗೇಣೆತ್ತರಕ್ಕೆಂದು ರಚಿಸಿದ್ದನ್ನು ಗೋದಿಯ ಕಾಳಿನಷ್ಟಕ್ಕೆ ಇಳಿಸಲು ಬೆರಳಿನ ಒಂದು ಸನ್ನೆ ಸಾಕು, ತಡೆಯುವವರಿಲ್ಲ. ಮೇಲಾಗಿ ಬ್ಯಾನರಿನ ಅಂಗಡಿಯಲ್ಲಿ ಅದಕ್ಕೆ ಅಂಚು ಕಟ್ಟುವರು, ನೆರಳು ಬಿಡುವರು, ಜಾಗ ಸಾಲದಿದ್ದರೆ ಎರಡೂ ಕಡೆಯಿಂದ ಹಿಸುಕುವರು. ಕಟ್ಟಿದ ಅಂಚು ಒಳಕ್ಕೂ ಬೆಳೆಯುವದೆಂಬುದು ಅವರ ಲಕ್ಷ್ಯಕ್ಕೆ ಬರುವದಿಲ್ಲ. ಕರ್ತೃವು ಕಷ್ಟಪಟ್ಟು ಉಳಿಸಿದ ಬಿಳುಪನ್ನು ಬಳಸುವವನು ಒಂದು ಕ್ಷಣದಲ್ಲಿ ಕಳೆಯುವನು. ಯರಗಟ್ಟಿಯಲ್ಲಿ ನಾನು ಕಂಡ ‘ಮಠ’ದ ಗತಿ ಹೀಗೆಯೇ ಆಗಿರಬೇಕು.

ಇನ್ನು ರಸದ ಮಾತು. ಒಂದೊಂದು ಅಕ್ಷರಕ್ಕೆ ಒಂದೊಂದು ಸ್ಥಾಯೀಭಾವವಿರುವದು. ಬಾಲೂ ತಮ್ಮದ್ದು ಹಾಸ್ಯ ಮತ್ತು ವಾತ್ಸಲ್ಯ. ಮಿಠಾಯಿಯ ಅಂಗಡಿಗೆ, ಬಾಲವಾಡಿಗೆ, ಜಾತ್ರೆಯ ತೊಟ್ಟಿಲಿಗೆ, ಮಕ್ಕಳ ಪುಸ್ತಕದ ಹೊದಿಕೆಗೆ ಅದು ಹೇಳಿ ಮಾಡಿಸಿದಂತಿದೆ. ಆದರೆ ಅದು ಯಾವಾಗಲೂ ನಗುವದು. ಸುಮ್ಮನಿರಲು ಅದಕ್ಕೆ ಬಾರದು. ಶ್ರದ್ಧಾಂಜಲಿಯ ಫಲಕವನ್ನೂ ನ್ಯಾಯಾಲಯದ ಸೂಚನೆಯನ್ನೂ ಅದರಲ್ಲಿ ಬರೆಸಿದರೆ ದುಃಖದ ಮನೆಗೆ ಬಣ್ಣದ ಅಂಗಿ ತೊಟ್ಟು ಹೋದಂತಾಗುವದು. ಇದು ಅಕ್ಷರದ ದೋಷವೆನ್ನುವದಕ್ಕಿಂತ ಅದರ ಮೇರೆಯೆನ್ನುವದು ಉಚಿತ. ಮೇರೆಯನ್ನು ಅರಿಯದೆ ಬಳಸುವದು ಮಾತ್ರ ನಿಜವಾದ ದೋಷ.

ಹೋಲಿಕೆಗಾಗಿ ನಮ್ಮ ನೆರೆಯ ಊರಿನ ಹೆಸರನ್ನೇ ಹೊತ್ತ ‘ಹುಬ್ಬಳ್ಳಿ’ ಎಂಬ ಅಕ್ಷರವನ್ನು ನೋಡಬಹುದು. ಎರಿನ್ ಮೆಕ್‌ಲಾಫ್ಲಿನ್ ಎಂಬ ಅಮೇರಿಕದ ವಿದುಷಿಯು ರಚಿಸಿದ್ದು ಅದು. ಅಲ್ಲಿಯೂ ದುಂಡುತನವಿದೆ, ಆದರೆ ಗೆರೆಯು ತೆಳುವಾಗಿ ಮೊದಲಿನಿಂದ ಕೊನೆಯ ವರೆಗೆ ಒಂದೇ ಸಮನಾಗಿ ಓಡುವದು. ಅದರ ಹೊಟ್ಟೆಯಲ್ಲಿ ಬೆಳದಿಂಗಳು ತುಂಬಿದೆ, ‘ಠ’ದ ಚುಕ್ಕೆ ನಕ್ಷತ್ರದಂತೆ ಕಾಣುವದು. ಆದರೆ ಅದು ರಸ್ತೆಯ ಆಚೆಗೆ ಕೂಗಿ ಕರೆಯಲಾರದು; ಹತ್ತಿರ ಕುಳಿತು ಮಾತಾಡುವದೇ ಅದರ ಧರ್ಮ. ಒಂದರಲ್ಲಿ ದನಿಯಿದೆ, ಇನ್ನೊಂದರಲ್ಲಿ ಇಂಪಿದೆ. ಎರಡನ್ನೂ ಒಂದರಿಂದಲೇ ಅಪೇಕ್ಷಿಸುವದು ನ್ಯಾಯವಲ್ಲ.

‘ಗಡಿಯಲ್ಲಿ ಕನ್ನಡವು ದೊಡ್ಡದಾಗಿ, ದಪ್ಪವಾಗಿ ಕಾಣಬೇಕು; ನೀವು ತೆಳ್ಳಗೆ ಮಾಡಿರೆನ್ನುವದೇ?’ ಎಂದು ನಮ್ಮ ತರುಣರೊಬ್ಬರು ಆಕ್ಷೇಪಿಸಿದರು. ಅವರ ಅಭಿಮಾನವು ಸ್ತುತ್ಯವಾದುದು. ಆದರೆ ಕನ್ನಡವು ಕಾಣುವದು ಬೇರೆ, ಓದಲು ಬರುವದು ಬೇರೆ. ದಪ್ಪವಾಗಿ ಬರೆದ ಹೆಸರನ್ನು ನಮ್ಮ ರೈತನೇ ತಪ್ಪಾಗಿ ಓದಿದರೆ, ಕನ್ನಡವನ್ನು ಹೊಸದಾಗಿ ಕಲಿಯುವ ಪರಭಾಷೆಯ ನೆರೆಯವನ ಪಾಡೇನು? ಫಲಕದ ಮೇಲಿನ ಕನ್ನಡವು ಬಾವುಟವಷ್ಟೇ ಅಲ್ಲ; ಅದು ಅತಿಥಿಗೆ ತೋರಿಸುವ ಬಾಗಿಲೂ ಆಗಿದೆ. ಬಾಗಿಲು ಎಷ್ಟು ದೊಡ್ಡದಿದ್ದರೇನು, ಸಂದಿಗಳನ್ನೆಲ್ಲ ಮುಚ್ಚಿದ ಮೇಲೆ ಒಳಗೆ ಬರುವದೆಲ್ಲಿಂದ?

ಆದಕಾರಣ ಸಂಘಕ್ಕೆ ನನ್ನ ವಿನಯಪೂರ್ವಕವಾದ ಸೂಚನೆಯಿದು. ಮಕ್ಕಳ ಪುಸ್ತಕದ ಹೊದಿಕೆಗೂ ಪ್ರತಿ ಪದ್ಯದ ಶೀರ್ಷಿಕೆಗೂ ಬಾಲೂ ತಮ್ಮವನ್ನು ಬಳಸಲು ಅಡ್ಡಿಯಿಲ್ಲ. ಅದಕ್ಕಿಂತ ಪ್ರೀತಿಯ ಅಕ್ಷರವನ್ನು ಹುಡುಕುವದು ಕಷ್ಟ. ಒಳಗಿನ ಪದ್ಯಗಳಿಗೆ ಮಾತ್ರ ಸಾಧಾರಣ ದಪ್ಪದ ಬೇರೊಂದು ಅಕ್ಷರವೇ ಇರಲಿ. ಈಗ ತಾನೇ ಒತ್ತಕ್ಷರಗಳನ್ನು ಕೂಡಿಸಿಕೊಂಡು ಓದಲು ಕಲಿಯುವ ಮಗುವಿಗೆ ಮಸಿಯ ಉಂಡೆಗಳನ್ನು ಕೊಡುವದು ಧರ್ಮವಲ್ಲ. ಸಭಾಗೃಹದ ಫಲಕಕ್ಕೂ ಈ ಅಕ್ಷರವು ಸಲ್ಲುವದು. ಆದರೆ ಅಂಚು ಬೇಡ, ನೆರಳು ಬೇಡ, ಹಿಸುಕುವದು ಬೇಡ. ಸಾಲುಗಳ ನಡುವೆ ಒತ್ತು ಇಳಿಯುವಷ್ಟು ಜಾಗವನ್ನು ಬಿಡಿಸಬೇಕು. ಅಚ್ಚಿಗೆ ಕೊಡುವ ಮುನ್ನ ‘ಮರ–ಮಠ’, ‘ದನ–ಧನ’ ಎಂಬ ನಾಲ್ಕು ಮಾತುಗಳನ್ನು ಅದೇ ಅಳತೆಯಲ್ಲಿ ಬರೆಸಿ, ರಸ್ತೆಯ ಆಚೆಗೆ ನಿಂತ ಒಬ್ಬ ಹಿರಿಯರಿಂದಲೂ ಒಂದು ಮಗುವಿನಿಂದಲೂ ಓದಿಸಬೇಕು. ಆ ಇಬ್ಬರೂ ತಡವರಿಸದೆ ಓದಿದರೆ ಅದೇ ಆ ಅಕ್ಷರಕ್ಕೆ ದೊರೆಯುವ ನಿಜವಾದ ಪ್ರಶಸ್ತಿ.

ಹೆಸರಿನಲ್ಲಿಯೇ ಅದು ತಮ್ಮ. ತಮ್ಮನು ಮನೆಯ ಕಟ್ಟೆಯ ಮೇಲೆ ನಿಂತು ಬಂದವರನ್ನು ನಗುಮುಖದಿಂದ ಕರೆಯಲಿ. ಒಳಗೆ ಕುಳಿತು ಸಾವಕಾಶವಾಗಿ ಮಾತನಾಡುವ ಕೆಲಸವನ್ನು ಅಣ್ಣಂದಿರಿಗೆ ಬಿಡಲಿ. ಅವರವರ ಕೆಲಸವನ್ನು ಅವರವರು ಮಾಡಿದರೆ ಮನೆಯ ಮಾನವೂ ಉಳಿಯುವದು, ಯರಗಟ್ಟಿಗೆ ಬಂದಿಳಿದ ಆ ಹಿರಿಯರಿಗೆ ಜಾತ್ರೆಯ ದಾರಿಯೂ ಸಿಕ್ಕುವದು.